ಬಾಡಿಗೆಯಲ್ಲಿ ನಿದ್ದೆ ಸೇರಿಲ್ಲ

ನಮ್ಮ ದೇಶದ ಡ್ರೈವರುಗಳಿಗೆ ನಿದ್ದೆ ಬರುವುದಿಲ್ಲ. ಇದು ನನ್ನ ಮಾತಲ್ಲ, ಸರ್ಕಾರದ ಲೆಕ್ಕ. 2022ರಲ್ಲಿ ರಸ್ತೆಯ ಮೇಲೆ ಸತ್ತವರನ್ನು ಕೇಂದ್ರ ಸಾರಿಗೆ ಸಚಿವಾಲಯ ಎಣಿಸಿತು. 1,68,491 ಮಂದಿ. ಯಾವ ತಪ್ಪಿನಿಂದ ಎಷ್ಟು ಸಾವು ಎಂದು ಪಟ್ಟಿಯನ್ನೂ ಹಾಕಿತು: ಅತಿವೇಗ, ಕುಡಿತ, ಎದುರು ದಿಕ್ಕಿನ ಓಡಾಟ, ಕೆಂಪು ದೀಪ ದಾಟಿದ್ದು, ಮೊಬೈಲ್ ಹಿಡಿದದ್ದು. ಇಷ್ಟೂ ಮುಗಿದ ಮೇಲೆ ಕೊನೆಗೆ ಒಂದು ಕಾಲಂ: ಇತರೆ. ನಿದ್ದೆಗೆ ಅಲ್ಲಿ ಸ್ವಂತ ಮನೆಯಿಲ್ಲ. ಕೆಲವೊಮ್ಮೆ ಇತರೆಯ ಮೂಲೆಯಲ್ಲಿ ಮುದುಡಿಕೊಂಡು ಮಲಗುತ್ತದೆ, ಬಹಳ ಸಲ ಅತಿವೇಗದ ಕಂಬಳಿಯನ್ನೇ ಹೊದ್ದುಕೊಳ್ಳುತ್ತದೆ. ಆ ಕಂಬಳಿ ದೊಡ್ಡದು. ಸತ್ತವರಲ್ಲಿ ನೂರಕ್ಕೆ 71 ಮಂದಿ ಅದರಡಿಯೇ ಇದ್ದಾರೆ.

ಪೊಲೀಸರನ್ನು ದೂರಿ ಫಲವಿಲ್ಲ. ಕುಡಿದವನ ಬಾಯಿಗೆ ಯಂತ್ರ ಹಿಡಿದು ‘ಊದಪ್ಪಾ’ ಎನ್ನಬಹುದು. ನಿದ್ದೆಗೆಟ್ಟವನ ಬಾಯಿಗೆ ಏನು ಹಿಡಿಯುವುದು? ಸತ್ತ ಡ್ರೈವರು ಹೇಳಲಾರ, ಬದುಕಿದವನು ಹೇಳುವುದಿಲ್ಲ. ಹೇಳಿದರೆ ಕೆಲಸವೂ ಹೋಯಿತು, ಲೈಸೆನ್ಸೂ ಹೋಯಿತು. ಗಾಡಿ ಗುದ್ದಿದ ಜಾಗದಲ್ಲಿ ಬ್ರೇಕು ಹಾಕಿದ ಗುರುತೇ ಕಾಣದಿದ್ದರೆ ಡ್ರೈವರು ಮಲಗಿದ್ದನೇ ಎಂದು ಹೊರದೇಶದ ತನಿಖೆಯವರು ಅನುಮಾನ ಪಡುತ್ತಾರಂತೆ. ನಮ್ಮಲ್ಲಿ ಅನುಮಾನಕ್ಕೆ ಪುರುಸೊತ್ತೆಲ್ಲಿದೆ? ಎಫ್‌ಐಆರ್‌ಗೆ ಅಚ್ಚು ಹಾಕಿಟ್ಟ ವಾಕ್ಯ ಸಿದ್ಧವಿದೆ: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು.’ ಇಪ್ಪತ್ತು ಗಂಟೆ ಕಣ್ಣು ಬಿಟ್ಟುಕೊಂಡೇ ಇದ್ದವನಿಗೆ ಸಿಗುವ ಬಿರುದು ಅಜಾಗರೂಕ. ಅವನು ಮಾಡಿದ್ದೆಲ್ಲ ಜಾಗರಣೆಯೇ, ಪಾಪ.

ಕಡತದಲ್ಲಿ ಇಲ್ಲದ ಈ ನಿದ್ದೆಯನ್ನು ನೋಡಬೇಕೆಂದರೆ ಮುಳಬಾಗಿಲು ತಾಲ್ಲೂಕಿನ ತಾಯಲೂರಿಗೆ ಬರಬೇಕು. ಹೋಬಳಿ ಕೇಂದ್ರ. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ಕೆಜಿಎಫ್, ಮೇಲ್ಗಡೆ ಬೆಂಗಳೂರು–ಕೋಲಾರ–ಚಿತ್ತೂರಿನ ರಾಷ್ಟ್ರೀಯ ಹೆದ್ದಾರಿ. ಮನೆಗೊಬ್ಬ ಅಲ್ಲದಿದ್ದರೂ ಬೀದಿಗೊಬ್ಬ ಸ್ಟೇರಿಂಗ್ ಹಿಡಿದವನು ಸಿಗುವ ಸೀಮೆ. ಕ್ಯಾಂಟರ್, ಲಾರಿ, ಟಿಟಿ, ಹಾಲಿನ ಗಾಡಿ, ಫ್ಯಾಕ್ಟರಿ ಬಸ್ಸು, ಎಲ್ಲದಕ್ಕೂ ಇಲ್ಲಿಂದ ಒಬ್ಬ ಹೋಗಿರುತ್ತಾನೆ. ಇಲ್ಲಿ ಡ್ರೈವರಿಗೆ ನಿದ್ದೆ ಬರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೆ ಮದ್ದೂ ಎಲ್ಲರಿಗೂ ಗೊತ್ತು. ಟೀ ಅಂಗಡಿ ಮುಂದೆ ಒಂದು ಲಾರಿ ನಿಂತರೆ ಸಾಕು, ವೈದ್ಯ ಮಂಡಳಿ ಸೇರುತ್ತದೆ.

“ಹಸಿಮೆಣಸಿನಕಾಯಿ ಕಚ್ಕೊಂಡು ಹೋಗಣ್ಣ, ನಿದ್ದೆ ಆಂಧ್ರಕ್ಕೆ ಓಡೋಗ್ತದೆ.”

“ಆಂಧ್ರದವ್ರು ಮೆಣಸಿನಕಾಯಿ ತಿಂದೇ ಮಲಗೋದು ಕಣೋ, ಅಲ್ಲೆಲ್ಲಿ ಓಡ್ತದೆ? ಗ್ಲಾಸ್ ಇಳಿಸ್ಬಿಡು, ಗಾಳಿ ಮುಖಕ್ಕೆ ಹೊಡೀಲಿ.”

“ಗಾಳಿ ಹೊಡೆದ್ರೆ ಜೋಗುಳ ಆಗ್ತದೆ. ಪಾಟ ಹಾಕ್ಕೊ. ರಾಜ್‌ಕುಮಾರ್ ಹಾಡು ಬೇಡ, ಹಾಯಾಗಿ ನಿದ್ದೆ ಬರ್ತದೆ. ಚಿರಂಜೀವಿದು ಹಾಕು.”

“ಬಾಯಲ್ಲಿ ಹೊಗೆಸೊಪ್ಪು ಇದ್ರೆ ಯಾವ ನಿದ್ದೆ ಬರ್ತದೆ? ನಮ್ಮಪ್ಪ ಮೂರು ರಾತ್ರಿ ಓಡಿಸ್ತಿದ್ದ.”

ಆ ಅಪ್ಪ ಈಗ ಎಲ್ಲಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಸಭೆಯ ಮರ್ಯಾದೆ.

ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ ಎಂಬಿಬ್ಬರು ಸಂಶೋಧಕರಿದ್ದರು. 1990ರ ದಶಕದಲ್ಲಿ ಅವರು ನಿದ್ದೆಗೆಟ್ಟವರನ್ನು ನಕಲಿ ಕಾರಿನಲ್ಲಿ ಕೂರಿಸಿ ಈ ಮಂಡಳಿಯ ಔಷಧಗಳಲ್ಲಿ ಕೆಲವನ್ನು ಪರೀಕ್ಷೆಗೆ ಹಚ್ಚಿದರು. ಮುಖಕ್ಕೆ ತಣ್ಣನೆ ಗಾಳಿ, ಕಿವಿಗೆ ರೇಡಿಯೊ. ಎರಡರ ಗುಣವೂ ಅಷ್ಟಕ್ಕಷ್ಟೇ, ಸ್ವಲ್ಪ ಹೊತ್ತಿನದು. ಕೆಲಸಕ್ಕೆ ಬಂದದ್ದು ಕಾಫಿ ಮತ್ತು ಕಿರುನಿದ್ದೆ. ಎರಡನ್ನೂ ಸೇರಿಸಿದರೆ ಇನ್ನೂ ಮೇಲು: ಕಾಫಿ ಕುಡಿದು ಕೂಡಲೇ ಹದಿನೈದು ನಿಮಿಷ ಕಣ್ಣು ಮುಚ್ಚಬೇಕು. ಕುಡಿದದ್ದು ಮೈಗೆ ಹತ್ತಲು ಹೆಚ್ಚುಕಡಿಮೆ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಒಂದು ಸಣ್ಣ ನಿದ್ದೆಯೂ ಆಗಿರುತ್ತದೆ. ಇದನ್ನು ತಾಯಲೂರಿನ ಮಂಡಳಿಯ ಮುಂದಿಟ್ಟರೆ ಒಪ್ಪುವವರಿಲ್ಲ. “ಟೀ ಕುಡಿದು ಮಲಗೋದಾ? ಮಲಗೋದಾದ್ರೆ ಟೀಗೆ ಕಾಸು ಯಾಕೆ ದಂಡ?” ತರ್ಕ ಗಟ್ಟಿಯಾಗಿದೆ. ವಿಜ್ಞಾನ ಹಾಗಿಲ್ಲ, ಅಷ್ಟೇ.

ಅದೂ ಹತ್ತಿರದ ಊರು ಮುಟ್ಟುವವರೆಗಿನ ಉಪಾಯ. ರಾತ್ರಿಯ ನಿದ್ದೆಗೆ ಬದಲಿ ಎಂಬುದೇ ಇಲ್ಲ. ಮನುಷ್ಯನ ಮೈಯೊಳಗೆ ಗಡಿಯಾರವಿದೆ. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ, ಮತ್ತೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದು ಅಂಗಡಿ ಮುಚ್ಚಲು ನೋಡುತ್ತದೆ. ಬಲವಂತವಾಗಿ ತೆರೆದಿಟ್ಟರೆ ಮಿದುಳು ಕಳ್ಳನಿದ್ದೆಗೆ ಇಳಿಯುತ್ತದೆ. ಕಣ್ಣು ತೆರೆದೇ ಇರಬಹುದು, ಕೈ ಸ್ಟೇರಿಂಗ್ ಮೇಲೇ ಇರಬಹುದು, ಒಳಗಿನವನು ಮಾತ್ರ ಇರುವುದಿಲ್ಲ. ಮೂರೋ ನಾಲ್ಕೋ ಸೆಕೆಂಡು. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡಿಗೆ 88 ಮೀಟರ್. ಅಷ್ಟು ದೂರ ಹತ್ತಾರು ಟನ್ ತೂಕದ ಗಾಡಿ ಯಾರೂ ಓಡಿಸದೆ ತಾನೇ ಓಡುತ್ತದೆ. ಡ್ರೈವರಿಲ್ಲದ ಗಾಡಿ ತರಲು ಅಮೆರಿಕದ ಕಂಪನಿಗಳು ಕೋಟ್ಯಂತರ ಡಾಲರ್ ಸುರಿಯುತ್ತಿವೆ. ನಮ್ಮಲ್ಲಿ ದಿನಾ ಬೆಳಗಿನ ಜಾವ ಓಡುತ್ತಿವೆ, ಖರ್ಚಿಲ್ಲದೆ.

ಕುಡಿತದ ಮಾತು ಬಂತಲ್ಲ, ಒಂದು ಲೆಕ್ಕ ಕೇಳಿ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಬರೆದರು: 17 ಗಂಟೆ ಎಚ್ಚರವಿದ್ದವನ ಕೈಕಣ್ಣಿನ ಚುರುಕು ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವನಿಗೆ ಸಮ, 24 ಗಂಟೆ ಎಚ್ಚರವಿದ್ದರೆ ಶೇ 0.10ಕ್ಕೆ ಸಮ. ನಮ್ಮ ಮೋಟಾರು ವಾಹನ ಕಾಯ್ದೆ ಡ್ರೈವರಿಗೆ ಬಿಟ್ಟಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಅದನ್ನು ದಾಟಿದವನಿಗೆ ಮೊದಲ ಸಲವೇ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಒಂದು ಹಗಲು ಒಂದು ರಾತ್ರಿ ನಿದ್ದೆಯಿಲ್ಲದೆ ಓಡಿಸಿದವನು ಆ ಮಿತಿಯ ಮೂರು ಪಟ್ಟು ಅಮಲಿನಲ್ಲಿದ್ದಂತೆ. ಅವನಿಗೆ ದಂಡವಿಲ್ಲ. ‘ನಿಯತ್ತಿನ ಡ್ರೈವರು, ಒಂದು ತೊಟ್ಟು ಮುಟ್ಟಲ್ಲ’ ಎಂಬ ಶಿಫಾರಸು ಪತ್ರ ಬೇರೆ. ಕುಡಿಯದೆಯೇ ಅಮಲೇರಿಸುವ ವಿದ್ಯೆ ನಮ್ಮ ಸಾಗಣೆ ಉದ್ಯಮಕ್ಕೆ ಸಿದ್ಧಿಸಿದೆ.

ನಿದ್ದೆ ಹೋಯಿತಾದರೂ ಎಲ್ಲಿಗೆ? ಅದರ ಹೆಜ್ಜೆ ಹಿಡಿದು ಹೋದರೆ ನಮ್ಮ ಟೊಮೆಟೊ ಮಂಡಿಗೆ ಬರುತ್ತೇವೆ. ಕೋಲಾರದ ಎಪಿಎಂಸಿ ಆಗಲಿ, ಮುಳಬಾಗಿಲು ಬಳಿಯ ವಡ್ಡಹಳ್ಳಿ ಮಾರುಕಟ್ಟೆಯಾಗಲಿ, ಹರಾಜು ಮುಗಿದು, ಹದಿನೈದು ಕೆಜಿ ಬಾಕ್ಸುಗಳನ್ನು ಹಮಾಲಿಗಳು ಏರಿಸಿ, ತಾಡಪಾಲು ಬಿಗಿದು, ಲಾರಿ ಹೊರಬೀಳುವ ಹೊತ್ತಿಗೆ ಡ್ರೈವರು ಅರ್ಧ ದಿನ ಕಾದು ಕಾದು ಸುಸ್ತಾಗಿರುತ್ತಾನೆ. ಕಾದದ್ದು ಕೆಲಸವಲ್ಲ. ಅದಕ್ಕೆ ಕೂಲಿಯಿಲ್ಲ. ಕೆಲಸ ಶುರುವಾಗುವುದು ಗೇಟು ದಾಟಿದ ಮೇಲೆ. ದೆಹಲಿಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಟೊಮೆಟೊ ಕಾಯುವುದಿಲ್ಲ. ಅದಕ್ಕೆ ಕೊಳೆಯುವ ಹಕ್ಕಿದೆ, ಆ ಹಕ್ಕನ್ನು ರೈತ, ದಲ್ಲಾಳಿ, ಓನರ್ ಎಲ್ಲರೂ ಗೌರವಿಸುತ್ತಾರೆ. ಡ್ರೈವರಿಗೆ ಬಾಡುವ ಹಕ್ಕಿಲ್ಲ. ಒಂದು ದಿನ ತಡವಾದರೆ ರೇಟು ಬೀಳುತ್ತದೆ. ಬಿದ್ದ ರೇಟು ಯಾರ ತಲೆಗೆ ಎಂಬುದನ್ನು ಹೇಳಬೇಕಾಗಿಲ್ಲ.

2023ರ ಜುಲೈ ನೆನಪಿದೆಯಲ್ಲ? ಕೋಲಾರದಲ್ಲಿ ಬಾಕ್ಸಿನ ಬೆಲೆ ಎರಡು ಸಾವಿರ ದಾಟಿತ್ತು. ರೈತರು ತೋಟದಲ್ಲೇ ಹಾಸಿಕೊಂಡು, ಕ್ಯಾಮೆರಾ ಕಟ್ಟಿ, ಟೊಮೆಟೊಗೆ ರಾತ್ರಿ ಕಾವಲು ಕಾದರು. ಅದೇ ತಿಂಗಳು ಕೋಲಾರದಿಂದ ಜೈಪುರಕ್ಕೆ ಹೊರಟ ಲಾರಿಯೊಂದು ಸುಮಾರು 21 ಲಕ್ಷ ರೂಪಾಯಿಯ ಟೊಮೆಟೊ ಸಮೇತ ನಾಪತ್ತೆಯಾಯಿತು. ಪೊಲೀಸ್ ದೂರಾಯಿತು, ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಟೊಮೆಟೊ ತಲುಪದಿದ್ದರೆ ದೇಶ ಎದ್ದು ಕೂರುತ್ತದೆ. ಇಷ್ಟು ವರ್ಷದಿಂದ ಡ್ರೈವರುಗಳ ನಿದ್ದೆ ನಾಪತ್ತೆಯಾಗಿದೆ, ಯಾವ ಠಾಣೆಯೂ ದೂರು ಬರೆದುಕೊಂಡಿಲ್ಲ. ನಾವು ಕಾವಲು ಕಾಯುವುದು ಬೆಲೆ ಇರುವ ಮಾಲಿಗೆ ಮಾತ್ರ.

ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ 2020ರಲ್ಲಿ ಲಾರಿ ಡ್ರೈವರುಗಳ ಸಮೀಕ್ಷೆ ಪ್ರಕಟಿಸಿತು. ದಿನಕ್ಕೆ ಸರಾಸರಿ ಹನ್ನೆರಡು ಗಂಟೆಯ ಹತ್ತಿರ ಓಡಿಸುತ್ತೇವೆ ಎಂದರು ಡ್ರೈವರುಗಳು. ದಣಿದರೂ ನಿದ್ದೆ ಬಂದರೂ ಓಡಿಸುತ್ತಲೇ ಇರುತ್ತೇವೆ ಎಂದು ಸುಮಾರು ಅರ್ಧದಷ್ಟು ಮಂದಿ ಒಪ್ಪಿಕೊಂಡರು. ಉಳಿದರ್ಧ ಮಂದಿ ಪ್ರಶ್ನೆ ಕೇಳುವಾಗ ತೂಕಡಿಸುತ್ತಿದ್ದರೋ ಏನೋ.

ಹಾಗಾದರೆ ಕಾನೂನಿರಲಿಲ್ಲವೇ? ಇತ್ತು, ಬಹಳ ಚೆನ್ನಾಗಿತ್ತು. 2025ರವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಕೆಲಸ. ದೂರದ ದಾರಿಯಾದರೆ ಅನುಮತಿ ಪಡೆದು ದಿನಕ್ಕೆ ಹತ್ತು ಗಂಟೆ. ಐದು ಗಂಟೆ ದುಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಲೇಬೇಕಿತ್ತು. ಯೂರೋಪಿನಲ್ಲಿ ಇಂಥ ನಿಯಮ ಪಾಲಿಸಲು ಲಾರಿಯೊಳಗೇ ಒಂದು ಯಂತ್ರ ಕೂತಿರುತ್ತದೆ. ನಾಲ್ಕೂವರೆ ಗಂಟೆ ಓಡಿಸಿದರೆ ಮುಕ್ಕಾಲು ಗಂಟೆ ಬಿಡುವು ಪಡೆಯಲೇಬೇಕು, ಯಂತ್ರ ದಾಖಲೆ ಬರೆದಿಡುತ್ತದೆ. ನಮ್ಮ ಕಾಯ್ದೆಗೆ ಅಂಥ ಯಂತ್ರದ ಗೊಡವೆಯಿರಲಿಲ್ಲ. ಏಕೆಂದರೆ ಅದರ ಬಾಗಿಲಲ್ಲೇ ಒಂದು ಸಣ್ಣ ಅಕ್ಷರದ ಸಾಲಿತ್ತು: ಐದು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯ. ಒಂದು ಕ್ಯಾಂಟರ್ ಇಟ್ಟುಕೊಂಡವನು, ಎರಡು ಲಾರಿಯ ಓನರ್, ಸಾಲ ಮಾಡಿ ಟಿಟಿ ತೆಗೆದು ತಾನೇ ಓಡಿಸುವವನು, ಇವರ ನಿದ್ದೆ ಕಾನೂನಿನ ಹೊಸ್ತಿಲಾಚೆಯೇ ಇತ್ತು. ತಾಯಲೂರಿನ ಲೆಕ್ಕದಲ್ಲಿ ಹೇಳಿದರೆ, ಬಹುಪಾಲು ಊರೇ ಹೊಸ್ತಿಲಾಚೆ. ನಾಲ್ಕು ಜನರಿಗೆ ನಿದ್ದೆ ಬಂದರೆ ಅದು ಖಾಸಗಿ ವಿಷಯ, ಐದನೆಯವನು ಆಕಳಿಸಿದರೆ ಕಾರ್ಮಿಕ ಸಮಸ್ಯೆ.

ಇನ್ನೊಂದು ಒಳ್ಳೆಯ ನಿಯಮವಿತ್ತು. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರುಗಳಿರಬೇಕು ಎಂದು. ಒಬ್ಬ ಓಡಿಸಿದರೆ ಇನ್ನೊಬ್ಬ ಮಲಗಬೇಕು. ಆ ಎರಡನೆಯ ಡ್ರೈವರು ಬಹುಕಾಲ ಕಾಗದದ ಮೇಲೆ ಮಾತ್ರ ಪ್ರಯಾಣ ಮಾಡಿದ. 2018ರಲ್ಲಿ ನಿಯಮ ತಿದ್ದಿ ಅವನನ್ನು ಕಾಗದದಿಂದಲೂ ಇಳಿಸಿಬಿಟ್ಟರು. ಸುಳ್ಳು ಹೇಳುವ ಕಷ್ಟ ತಪ್ಪಿತು. ಸರ್ಕಾರ ಕೊನೆಗೂ ಪಾರದರ್ಶಕವಾಯಿತು.

ತಾಯಲೂರಿಗೆ ನೆರೆಯ ಆವಣಿಗೆ ಹೋದರೆ ರಾಮಲಿಂಗೇಶ್ವರ ಗುಡಿಯ ಆವರಣದಲ್ಲಿ ಲಕ್ಷ್ಮಣೇಶ್ವರನೂ ಇದ್ದಾನೆ. ಸೀತೆ ಲವಕುಶರನ್ನು ಹೆತ್ತ ಜಾಗ ಎಂದು ನಮ್ಮವರು ನಂಬುವ ಬೆಟ್ಟದ ಅಡಿ. ವನವಾಸದಲ್ಲಿ ಲಕ್ಷ್ಮಣ ಹದಿನಾಲ್ಕು ವರ್ಷ ನಿದ್ದೆಗೆಟ್ಟು ಅಣ್ಣನನ್ನು ಕಾದನಂತೆ, ಅವನ ಪಾಲಿನ ನಿದ್ದೆಯನ್ನೆಲ್ಲ ಊರ್ಮಿಳೆ ಅಯೋಧ್ಯೆಯಲ್ಲಿ ಮಲಗಿದಳಂತೆ. ಈ ಭಾಗದ ಹೆಂಗಸರ ಬಾಯಲ್ಲಿ ಈ ಕಥೆ ಇನ್ನೂ ಇದೆ. ನಮ್ಮ ಸಾಗಣೆ ಉದ್ಯಮ ಈ ಪರಂಪರೆಯನ್ನು ಭಯಭಕ್ತಿಯಿಂದ ಉಳಿಸಿಕೊಂಡಿದೆ. ಡ್ರೈವರು ಲಕ್ಷ್ಮಣ, ಅವನ ಪಾಲಿನ ನಿದ್ದೆಯನ್ನು ಓನರ್ ಮಲಗುತ್ತಾನೆ. ನಡುರಾತ್ರಿ ಎದ್ದು ಮೊಬೈಲಿನಲ್ಲಿ ಜಿಪಿಎಸ್ ನೋಡಿ, “ಯಾಕಲೇ, ಅನಂತಪುರದ ಹತ್ರ ಇಪ್ಪತ್ತು ನಿಮಿಷದಿಂದ ಗಾಡಿ ನಿಂತೈತೆ?” ಎಂದು ವಿಚಾರಿಸಿ ಮಗ್ಗುಲಾಗುತ್ತಾನೆ. ಲಫ್‌ಬರೋದ ಹದಿನೈದು ನಿಮಿಷ ಅಲ್ಲಿಗೆ ಮುಗಿಯಿತು.

ಓನರ್ ಒಬ್ಬನನ್ನೇ ಬೈದರೆ ಅನ್ಯಾಯ. ಪುಣ್ಯವಂತರಾದ ನಾವೂ ಇದ್ದೇವೆ. ತಿರುಪತಿ ಟ್ರಿಪ್ ನೋಡಿ. ಬಾಡಿಗೆ ಮಾತಾಡುವಾಗಲೇ ಒಪ್ಪಂದ: ರಾತ್ರಿ ಊಟ ಮುಗಿಸಿ ಹೊರಡೋದು, ದರ್ಶನ ಮುಗಿಸಿ ಮಾರನೇ ರಾತ್ರಿಯೇ ವಾಪಸು. ರೂಮು ಯಾಕೆ ದಂಡ? ಹಗಲು ಬೇರೆ ಬಾಡಿಗೆ ಹೊಡೆದು ಬಂದ ಡ್ರೈವರು ರಾತ್ರಿ ಹತ್ತಕ್ಕೆ ಗಾಡಿ ತಂದು ನಿಲ್ಲಿಸುತ್ತಾನೆ. ಮುಂದಿನ ಗ್ಲಾಸಿಗೆ ಮುಳಬಾಗಿಲು ಆಂಜನೇಯ, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಸುರಕ್ಷತಾ ವ್ಯವಸ್ಥೆ ಸಂಪೂರ್ಣ. ನಂಗಲಿ ದಾಟುವ ಮುಂಚೆ ಹಿಂದಿನ ಸೀಟುಗಳೆಲ್ಲ ಗೊರಕೆ. ಬೆಟ್ಟದ ಮೇಲೆ ಎಲ್ಲರೂ ತಲೆ ಬೋಳಿಸಿಕೊಂಡು, ಸ್ನಾನ ಮಾಡಿ, ಕ್ಯೂನಲ್ಲಿ ಕೂತು ಒಂದು ಸುತ್ತು ತೂಕಡಿಸಿ, ಲಡ್ಡು ಹಿಡಿದು ಬರುತ್ತಾರೆ. ಡ್ರೈವರು? ಬಿಸಿಲಲ್ಲಿ ಕಾದ ಗಾಡಿಯೊಳಗೆ ಕಾಲು ಮಡಚಿ ಹೊರಳಾಡುತ್ತಿರುತ್ತಾನೆ. ಅದಕ್ಕೂ ಗಂಟೆಗೊಂದು ಫೋನು: “ಅಣ್ಣಾ, ಗಾಡಿ ಎಲ್ಲಿ ನಿಲ್ಸಿದ್ದೀರಾ? ಚಪ್ಪಲಿ ಬೇಕಿತ್ತು.”

ವಾಪಸು ಹೊರಟಾಗ ಒಬ್ಬ ಜವಾಬ್ದಾರಿಯುತ ಭಕ್ತ ಮುಂದಿನ ಸೀಟಿಗೆ ಬರುತ್ತಾನೆ. “ನೀವೇನ್ ಯೋಚ್ನೆ ಮಾಡ್ಬೇಡಿ ಅಣ್ಣಾ, ನಾನ್ ಮಾತಾಡಿಸ್ತಾ ಇರ್ತೀನಿ, ನಿದ್ದೆ ಬಂದ್ರೆ ಹೇಳ್ಬಿಡಿ.” ಚಿತ್ತೂರು ದಾಟಿ ಮೊಗಿಲಿ ಘಾಟಿಗೆ ಬರುವಷ್ಟರಲ್ಲಿ ಆ ಭಕ್ತನ ಬೋಳುತಲೆ ಡ್ರೈವರನ ಎಡಭುಜದ ಮೇಲಿರುತ್ತದೆ. ತಿರುವಿನ ದಾರಿಯಲ್ಲಿ ಒಂದು ಕೈಲಿ ಸ್ಟೇರಿಂಗ್, ಇನ್ನೊಂದು ಕೈಲಿ ಗೇರು, ಭುಜದ ಮೇಲೆ ಒಬ್ಬ ಸ್ವಯಂಸೇವಕ. ಮನೆ ಮುಟ್ಟಿದ ಮೇಲೆ ಕೈಮುಗಿದು ಹೇಳುತ್ತೇವೆ, ಗೋವಿಂದ ಕಾಪಾಡಿದ. ನಿಜ, ಅವನೇ ಕಾಪಾಡಿದ್ದು. ಬಾಟಾ ಕೊಡುವಾಗ ಮಾತ್ರ ಡ್ರೈವರನ ಕೈಗೆ ಐವತ್ತು ಕಡಿಮೆ.

ಚಳಿಗಾಲ ಬಂದರೆ ಓಂ ಶಕ್ತಿಯ ಸೀಸನ್ನು. ಕೆಂಪು ಸೀರೆಯುಟ್ಟ ನಮ್ಮ ಅಕ್ಕತಂಗಿಯರು ಬಸ್ಸು ಬಸ್ಸು ತುಂಬಿ ತಮಿಳುನಾಡಿನ ಮೇಲ್‌ಮರುವತ್ತೂರಿಗೆ ಹೊರಡುತ್ತಾರೆ. ಅವರ ಭಕ್ತಿ ಅವರದು, ಅದರ ಬಗ್ಗೆ ಮಾತಿಲ್ಲ. ನಮ್ಮ ಜಿಲ್ಲೆಯಲ್ಲಿ ಈ ಬಸ್ಸುಗಳ ಖರ್ಚು ಹೊರಲು ರಾಜಕಾರಣಿಗಳ ನಡುವೆ ಪೈಪೋಟಿ. ಚುನಾವಣೆ ಹತ್ತಿರವಾದಷ್ಟೂ ಬಸ್ಸು ಜಾಸ್ತಿ. ಬಸ್ಸಿನ ಮುಂದೆ ನಾಯಕರ ಫೋಟೊ ಇರುವ ಬ್ಯಾನರ್, ಹೊರಡುವಾಗ ಬಾವುಟ, ಊಟದ ಪೊಟ್ಟಣ. ಎಲ್ಲವನ್ನೂ ಯೋಚಿಸಿದ ನಾಯಕರು ಎರಡನೇ ಡ್ರೈವರನ ಬಗ್ಗೆ ಮಾತ್ರ ಯೋಚಿಸುವುದಿಲ್ಲ. ತಪ್ಪಲ್ಲ. ಅವನ ವೋಟು ಬೇರೆ ಕ್ಷೇತ್ರದಲ್ಲಿರಬಹುದು.

“ಅಷ್ಟೆಲ್ಲ ಯಾಕೆ ಸ್ವಾಮಿ, ನಿದ್ದೆ ಬಂದ್ರೆ ಪಕ್ಕಕ್ಕೆ ನಿಲ್ಸಿ ಮಲಗೋದಪ್ಪ” ಎನ್ನುತ್ತಾರೆ ಎಸಿ ಕಾರಿನವರು. ಎಲ್ಲಿ ಪಕ್ಕ? ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿದರೆ ದಂಡ. ಡಾಬಾ ಮುಂದೆ ನಿಲ್ಲಿಸಿದರೆ ಊಟ ಮಾಡಲೇಬೇಕು, ಮಾಡಿ ಎದ್ದರೆ ಜಾಗ ಬಿಡಬೇಕು. ಕತ್ತಲ ಮೂಲೆಯಲ್ಲಿ ನಿಲ್ಲಿಸಿ ಮಲಗಿದರೆ ಬೆಳಿಗ್ಗೆ ಟ್ಯಾಂಕಿನಲ್ಲಿ ಡೀಸೆಲ್ ಇಲ್ಲ, ಮೇಲೆ ತಾಡಪಾಲಿಲ್ಲ. ಆ ನಷ್ಟವೂ ಅವನ ಸಂಬಳದಿಂದಲೇ ಮುರಿಯುತ್ತದೆ. ಹಾಗಾಗಿ ಡ್ರೈವರು ಮಲಗಿದರೂ ಒಂದು ಕಣ್ಣಿನಲ್ಲಿ ಮಲಗುತ್ತಾನೆ.

ಇನ್ನು ನಿಂತ ಗಾಡಿಯ ಹಣೆಬರಹ ಬೇರೆ. 2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಬಳಿ ಮಂಜು ಮುಸುಕಿದ ರಸ್ತೆಯಲ್ಲಿ ಸುಮೋ ಒಂದು ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಗುದ್ದಿ 13 ಮಂದಿ ಸತ್ತರು. 2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನಲ್ಲಿ ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಟಿಟಿ ನಿಂತಿದ್ದ ಲಾರಿಗೆ ಗುದ್ದಿತು. ಅಲ್ಲೂ 13 ಮಂದಿ. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಮನೆಗಳ ದೀಪ ಒಂದೇ ಬೆಳಗಿಗೆ ಆರಿದವು. ಈ ಸಾವುಗಳ ಮುಂದೆ ನಗು ಬರುವುದಿಲ್ಲ, ಬರಬಾರದು. ಆದರೆ ಈ ಎರಡು ಮುಂಜಾವುಗಳು ಹೇಳುವ ಮಾತನ್ನು ಕೇಳಿಸಿಕೊಳ್ಳಬೇಕು. ನಿದ್ದೆ ತಡೆಯದೆ ಓಡಿಸಿದರೆ ನೀನು ನಿಂತವನಿಗೆ ಗುದ್ದುತ್ತೀಯ, ಬುದ್ಧಿವಂತನಾಗಿ ನಿಂತರೆ ಓಡುತ್ತಿರುವವನು ಬಂದು ನಿನಗೆ ಗುದ್ದುತ್ತಾನೆ. ಸುರಕ್ಷಿತವಾಗಿ ನಿಲ್ಲಲು ಜಾಗವೇ ಇಲ್ಲದ ದಾರಿಯಲ್ಲಿ ‘ನಿದ್ದೆ ಬಂದರೆ ವಾಹನ ನಿಲ್ಲಿಸಿ’ ಎಂಬ ಫಲಕ ಹಾಕುವುದು ಬುದ್ಧಿಮಾತಲ್ಲ, ಅಪಹಾಸ್ಯ.

ಸರ್ಕಾರಗಳು ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. ನೆರೆಯ ತಮಿಳುನಾಡಿನಲ್ಲಿ ಪೊಲೀಸರು ನಡುರಾತ್ರಿ ಗಾಡಿ ನಿಲ್ಲಿಸಿ ಡ್ರೈವರಿಗೆ ಮುಖ ತೊಳೆಸಿ ಕಳಿಸುವ ಕಾರ್ಯಕ್ರಮ ಮಾಡಿದರು. ಒಡಿಶಾದ ಸಾರಿಗೆ ಸಚಿವೆ 2023ರ ಡಿಸೆಂಬರಿನಲ್ಲಿ ರಾತ್ರಿ ಲಾರಿ ಓಡಿಸುವವರಿಗೆ ಡಾಬಾಗಳಲ್ಲಿ ಉಚಿತ ಟೀ ಘೋಷಿಸಿದರು. ತಾಯಲೂರಿನ ಟೀ ಅಂಗಡಿಯ ಮಂಡಳಿ ಸಚಿವ ಸಂಪುಟದ ಮಟ್ಟಕ್ಕೇರಿದ್ದು ನಮಗೆ ಹೆಮ್ಮೆ. ಪ್ರಧಾನಿ 2024ರ ಫೆಬ್ರುವರಿಯಲ್ಲಿ ಹೆದ್ದಾರಿಗಳಲ್ಲಿ ಡ್ರೈವರುಗಳಿಗಾಗಿ ಮೊದಲ ಹಂತದಲ್ಲಿ 1,000 ವಿಶ್ರಾಂತಿ ಕಟ್ಟಡ ಎಂದರು. ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಎಂಬ ಆದೇಶವೂ ಬಂತು. ಎಲ್ಲವೂ ಒಳ್ಳೆಯದೇ. ಸಾರಿಗೆ ಸಚಿವ ನಿತಿನ್ ಗಡ್ಕರಿ 2021ರಲ್ಲೇ ವಿಮಾನದ ಪೈಲಟ್‌ಗಳಂತೆ ಲಾರಿ ಡ್ರೈವರುಗಳಿಗೂ ಚಾಲನೆಯ ಗಂಟೆ ನಿಗದಿಯಾಗಬೇಕು, ಕಣ್ಣು ಮುಚ್ಚಿದರೆ ಎಚ್ಚರಿಸುವ ಸೆನ್ಸರ್ ಬರಬೇಕು ಎಂದಿದ್ದರು. ಗಂಟೆ ನಿಗದಿಯಾಗಿ ಅರವತ್ತು ವರ್ಷವಾಗಿತ್ತು, ಪುಸ್ತಕ ತೆಗೆದು ನೋಡಿದ್ದರೆ ಸಿಗುತ್ತಿತ್ತು. ಆದರೆ ನಮ್ಮ ಕಿವಿಗೆ ಬಿದ್ದದ್ದು ಸೆನ್ಸರ್ ಮಾತ್ರ. ಏಕೆಂದರೆ ಸೆನ್ಸರನ್ನು ಮಾರಬಹುದು, ಗಂಟೆಯನ್ನು ಕೊಡಬೇಕಾಗುತ್ತದೆ. ಯಂತ್ರ ಕುಂಯ್ ಎಂದು ಕೂಗುತ್ತದೆ, ಡ್ರೈವರು ಬೆಚ್ಚಿ ಕಣ್ಣು ಬಿಡುತ್ತಾನೆ. ಆಮೇಲೆ? ಆಮೇಲೆ ಯಥಾಪ್ರಕಾರ ಲಾರಿ ಮುಂದಕ್ಕೆ. ಮಲಗಲು ಬಿಡದ ಓನರ್ ಮೊದಲೇ ಒಬ್ಬನಿದ್ದ, ಈಗ ಡ್ಯಾಶ್‌ಬೋರ್ಡಿನ ಮೇಲೆ ಇನ್ನೊಬ್ಬ.

ಇದರ ನಡುವೆ ನಮ್ಮ ಜಿಲ್ಲೆಗೆ ಹೊಸ ದಾರಿ ಬಂದಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಪಾಲು, ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ದಾಟಿ ಬೇತಮಂಗಲದ ಕಡೆಗೆ ಸುಮಾರು 71 ಕಿಲೋಮೀಟರ್, 2024ರ ಕೊನೆಗೆ ಉದ್ಘಾಟನೆಗೂ ಕಾಯದೆ ವಾಹನಗಳಿಗೆ ತೆರೆದುಕೊಂಡಿತು. ಗಂಟೆಗೆ 120 ಕಿಲೋಮೀಟರ್ ವೇಗಕ್ಕೆಂದೇ ಕಟ್ಟಿದ ದಾರಿ. ಸಿಗ್ನಲ್ಲಿಲ್ಲ, ಹಂಪಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ, ಮೆಣಸಿನಕಾಯಿ ಕಚ್ಚಿಸುವ ಮಂಡಳಿಯಿಲ್ಲ. ನೋಡಿದಷ್ಟೂ ಒಂದೇ ಥರದ ಬಿಳಿ ಗೆರೆ. ನಿದ್ದೆಗೆಟ್ಟ ಕಣ್ಣಿಗೆ ಇದಕ್ಕಿಂತ ಸೊಗಸಾದ ಜೋಗುಳ ಬೇರಿಲ್ಲ. ಆ ವೇಗದಲ್ಲಿ ಮೂರು ಸೆಕೆಂಡು ರೆಪ್ಪೆ ಕೂಡಿದರೆ ಗಾಡಿ ನೂರು ಮೀಟರ್ ದಾಟಿರುತ್ತದೆ. ಹಳೆಯ ದಾರಿಯ ಗುಂಡಿಗಳು ಎಷ್ಟು ಜೀವ ಉಳಿಸುತ್ತಿದ್ದವೋ! ಲೋಕೋಪಯೋಗಿ ಇಲಾಖೆಯ ಅರ್ಧಂಬರ್ಧ ಕೆಲಸದ ಹಿಂದೆ ಇಷ್ಟು ದೂರದೃಷ್ಟಿ ಇತ್ತೆಂದು ನಾವು ಗ್ರಹಿಸದೇ ಹೋದೆವು.

ಹೀಗೆ ಟೀ ಕೊಡಲು, ಮುಖ ತೊಳೆಸಲು, ಎಸಿ ಹಾಕಲು, ಸೆನ್ಸರ್ ಕೂಡಿಸಲು, ದಂಡ ಹಾಕಲು, ನಿಂಬೆಹಣ್ಣು ಕಟ್ಟಲು ಎಲ್ಲರೂ ಸಿದ್ಧ. ನಿದ್ದೆಗೆ ಬೇಕಾದದ್ದು ನಿದ್ದೆ ಎಂಬ ಒಂದೇ ಒಂದು ಮಾತು ಬಾಯಿಗೆ ಬರುವುದಿಲ್ಲ. ಏಕೆಂದರೆ ಅದಕ್ಕೆ ದುಡ್ಡು ಬೇಕು. ಡೀಸೆಲ್ ಬಾಡಿಗೆಯಲ್ಲಿ ಸೇರಿದೆ, ಟೋಲ್ ಸೇರಿದೆ, ಹಮಾಲಿ ಸೇರಿದೆ, ಕೊಳೆತ ಟೊಮೆಟೊ ಕೂಡ ಲೆಕ್ಕದಲ್ಲಿ ಸೇರಿದೆ. ನಿದ್ದೆ ಮಾತ್ರ ಸೇರಿಲ್ಲ. ಅದನ್ನು ಡ್ರೈವರು ತನ್ನ ಕೈಯಿಂದ ಹಾಕಬೇಕು. ಕೈಯಲ್ಲಿ ಇಲ್ಲದಾಗ ದಾರಿಯಲ್ಲಿ ಹೋಗುವವರಿಂದ ವಸೂಲಾಗುತ್ತದೆ.

ಆದ್ದರಿಂದ ಸರ್ಕಾರಕ್ಕೆ ನನ್ನದೊಂದು ವಿನಂತಿ. ಬಾಡಿಗೆ ಚೀಟಿಯಲ್ಲಿ ಕಡ್ಡಾಯವಾಗಿ ಒಂದು ಸಾಲು ಅಚ್ಚಾಗಲಿ: ‘ಡ್ರೈವರ್ ನಿದ್ದೆ, ಆರು ಗಂಟೆ, ರೂಪಾಯಿ ಇಷ್ಟು.’ ಕಣ್ಣಿಗೆ ಕಂಡರೆ ಜನ ಬೆಲೆ ಕೊಡುತ್ತಾರೆ ಎಂಬುದು ನನ್ನ ಆಸೆ. ಆದರೆ ನಮ್ಮ ಸೀಮೆಯನ್ನು ಬಲ್ಲವನಾಗಿ ಆ ಚೀಟಿ ಕೈಗೆ ಬಂದ ದಿನ ಏನಾಗುತ್ತದೆಂದೂ ಗೊತ್ತು. ತಿರುಪತಿಗೆ ಹೊರಟ ಹಿರಿಯರೊಬ್ಬರು ಕನ್ನಡಕ ಏರಿಸಿ ಓದಿ, ಪಕ್ಕದವನ ಮುಖ ನೋಡಿ, ಚೌಕಾಸಿಗೆ ಇಳಿಯುತ್ತಾರೆ:

“ಆರ್ ಗಂಟೆ ಯಾಕಪ್ಪಾ? ಮೂರಕ್ಕೆ ಹಾಕು. ಮಿಕ್ಕಿದ್ದನ್ನ ಬರ್ತಾ ದಾರೀಲಿ ಮಲಗ್ತಾನೆ.”